ಭಾನುವಾರಕ್ಕೊಂದು ದೋಷ

ನನ್ನ ಹೆಂಡತಿ ಮಾತಾಡುವುದಿಲ್ಲ. ಹೀಗೆಂದ ತಕ್ಷಣ 'ನೀನೇ ಪುಣ್ಯವಂತ ಕಣಯ್ಯಾ' ಎಂದು ಕೈ ಕುಲುಕಲು ಬರುವ ಗಂಡಂದಿರು ದಯವಿಟ್ಟು ಅಲ್ಲೇ ನಿಲ್ಲಬೇಕು. ಈ ಪುಣ್ಯವನ್ನು ಐದು ತಿಂಗಳಿನಿಂದ ಅನುಭವಿಸುತ್ತಿರುವವನು ನಾನು. ಬೇಕಿದ್ದರೆ ಅರ್ಧ ನಿಮಗೇ ಕೊಡುತ್ತೇನೆ, ಒಯ್ಯಿರಿ.

ಹಾಗೆಂದು ಅವಳದೇ ತಪ್ಪು ಎನ್ನಲಾರೆ. ರೈಲ್ವೆ ಸ್ಟೇಷನ್ನಿನ ವಿಚಾರಣಾ ಕೌಂಟರಿನಲ್ಲಿ ಅವಳ ಕೆಲಸ. ದಿನಕ್ಕೆ ಎಂಟು ಗಂಟೆ ಗಾಜಿನ ಹಿಂದೆ ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂ, ಎಷ್ಟು ತಡ, ಯಾಕೆ ತಡ, ಅದು ತಡವಾದರೆ ಅವಳು ಅಲ್ಲಿ ಕೂತು ಮಾಡುತ್ತಿರುವುದಾದರೂ ಏನು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾಳೆ. ಸಂಜೆ ಮನೆಗೆ ಬರುವ ಹೊತ್ತಿಗೆ ಗಂಟಲು ಬತ್ತಿದ ಬಾವಿ. ಆಮೇಲೆ ಆಡುವ ನಾಲ್ಕು ಮಾತೂ ಕೌಂಟರಿನ ಅಳತೆಗೇ ಇರುತ್ತವೆ.

"ಚಹಾ ಆಯ್ತಾ?"

"ಐದು ನಿಮಿಷ ತಡ."

"ನನ್ನ ಕನ್ನಡಕ ಎಲ್ಲಿ?"

"ಹಣೆ ಮೇಲೆ."

"ಪೇಪರ್?"

"ಅದ್ರ ಮೇಲೇ ಕೂತ್ಕೊಂಡಿದ್ದೀರಿ."

ಮುಗಿಯಿತು. ಉಳಿದ ಸಂಸಾರವೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ನಡೆಯುತ್ತದೆ. 'ಹಾಲು ಬಿಸಿ ಮಾಡಿ.' 'ಬಿಸಿ ಮಾಡಿದರೆ ಗ್ಯಾಸ್ ಆರಿಸಿ.' 'ಆರಿಸಿದ್ದೀರಾ ಎಂದು ಮತ್ತೊಮ್ಮೆ ನೋಡಿ.'

ನಾನು ನೌಕರಿಯಲ್ಲಿದ್ದಷ್ಟು ದಿನ ಇದು ಕಷ್ಟ ಎನಿಸಿರಲಿಲ್ಲ. ನಾನು ಲಿಫ್ಟ್ ಇನ್ಸ್‌ಪೆಕ್ಟರ್ ಆಗಿದ್ದವನು. ಮೂವತ್ತನಾಲ್ಕು ವರ್ಷ ಕಂಡವರ ಕಟ್ಟಡಗಳಿಗೆ ಹೋಗಿ, ಅವರ ಲಿಫ್ಟುಗಳ ಬಾಗಿಲು, ಹಗ್ಗ, ಬ್ರೇಕು, ಗಂಟೆ ಎಲ್ಲವನ್ನೂ ಪರೀಕ್ಷಿಸಿ, ದೋಷಗಳ ಪಟ್ಟಿ ಬರೆದುಕೊಟ್ಟು ಬಂದೆ. ನಾನು ಬಂದೆನೆಂದರೆ ವಾಚ್‌ಮನ್ ಎದ್ದು ನಿಲ್ಲುತ್ತಿದ್ದ, ಕಟ್ಟಡದ ಕಾರ್ಯದರ್ಶಿ ಚಹಾ ತರಿಸುತ್ತಿದ್ದ. (ದೋಷ ಹೆಚ್ಚಿದ್ದರೆ ಬಿಸ್ಕತ್ತನ್ನೂ.) ಹಾಗೆ ಮೆರೆದವನು ಒಂದು ಶುಕ್ರವಾರ ನಿವೃತ್ತನಾದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಕೆಲಸಕ್ಕೆ ಹೋದಳು. ಬಾಗಿಲು ಹಾಕಿಕೊಂಡು ಒಳಗೆ ತಿರುಗಿದರೆ ಮನೆಯಲ್ಲಿ ಶಬ್ದ ಮಾಡುತ್ತಿದ್ದದ್ದು ಫ್ರಿಜ್ಜು ಒಂದೇ. ಎರಡನೆಯ ತಿಂಗಳಿನಲ್ಲಿ ನಾನು ಅದಕ್ಕೆ ಉತ್ತರ ಕೊಡಲು ಶುರುಮಾಡಿದ್ದು ಗಮನಕ್ಕೆ ಬಂದು ನನಗೇ ಹೆದರಿಕೆಯಾಯಿತು.

ಜನರ ನಡುವೆ ಇರಬೇಕೆಂದು ಒಂದು ದಿನ ಒಂಬತ್ತು ಮಹಡಿಯ ಕಟ್ಟಡವೊಂದಕ್ಕೆ ಹೋಗಿ ಲಿಫ್ಟಿನಲ್ಲಿ ಮೂರು ಸಲ ಹತ್ತಿ ಇಳಿದೆ. ಒಬ್ಬರೂ ಮಾತಾಡಿಸಲಿಲ್ಲ. ಲಿಫ್ಟಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ ಎಂಬುದನ್ನು ಮೂವತ್ತನಾಲ್ಕು ವರ್ಷದಲ್ಲಿ ನಾನು ಗಮನಿಸಿರಲೇ ಇಲ್ಲ.

ಸುಮ್ಮನೆ ಯಾರ ಮನೆಗಾದರೂ ಹೋಗಬಹುದಿತ್ತಲ್ಲ ಎನ್ನುತ್ತೀರಿ. ನನಗೆ ಅದು ಬರುವುದಿಲ್ಲ. ಕೆಲಸವಿಲ್ಲದೆ ಒಬ್ಬರ ಬಾಗಿಲು ತಟ್ಟಿ, "ಸುಮ್ಮನೆ ಬಂದೆ" ಎಂದು ನಿಲ್ಲುವುದನ್ನು ನೆನೆಸಿಕೊಂಡರೇ ಬೆವರುತ್ತದೆ. ಕೈಯಲ್ಲೊಂದು ಫಾರಂ ಇರಬೇಕು, ಅವರ ಮನೆಯಲ್ಲೊಂದು ದೋಷ ಇರಬೇಕು, ಆಗ ನಾನು ಎಲ್ಲಿಗೆ ಬೇಕಾದರೂ ನುಗ್ಗುತ್ತೇನೆ.

ಹೀಗಿರುವಾಗ ಪೇಪರಿನಲ್ಲಿ ಆ ಜಾಹೀರಾತು ಕಂಡಿತು.

'ಮಾರಾಟಕ್ಕಿದೆ. ಇಟಲಿಯ ಸ್ಪೋರ್ಟ್ಸ್ ಸೆಡಾನ್ ಕಾರು. ವಯಸ್ಸು ಇಪ್ಪತ್ತೆಂಟು. ಸ್ವಲ್ಪ ಕೆಲಸ ಇದೆ. ನೋಡುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರಬೇಕು. ಚಹಾ ಕೊಡಲಾಗುವುದು.'

'ಸ್ವಲ್ಪ ಕೆಲಸ ಇದೆ' ಎಂಬ ಮಾತನ್ನು ನಾಲ್ಕು ಸಲ ಓದಿದೆ. ಐದು ತಿಂಗಳಿನಿಂದ ನನಗೆ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ. ಅದನ್ನು ಕೊಂಡು, ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಜೋಡಿಸಿದರೆ ಒಂದೆರಡು ವರ್ಷ ಸಲೀಸಾಗಿ ಕಳೆದುಹೋಗುತ್ತದೆ.

"ಒಂದು ಕಾರು ತಗೊಳ್ಳೋಣ ಅಂತಿದ್ದೀನಿ ಕಣೇ," ಎಂದೆ ಸಂಜೆ.

"ಯಾವ ಕಡೆ ಹೋಗೋಕೆ?"

"ಹೋಗೋಕಲ್ಲ. ರಿಪೇರಿ ಮಾಡೋಕೆ."

ಅವಳು ಚಹಾದ ಲೋಟದ ಮೇಲಿಂದ ನನ್ನನ್ನು ನೋಡಿದಳು. ಹೋದ ವರ್ಷ ನಾನು ಮಿಕ್ಸಿ ರಿಪೇರಿ ಮಾಡಿದ್ದೆ. ಅಂದಿನಿಂದ ಅದು ಗುಂಡಿ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ತಿರುಗುತ್ತದೆ.

"ನಿಮಗೆ ಕಾರಿನ ಬಗ್ಗೆ ಏನು ಗೊತ್ತು?"

"ಲಿಫ್ಟಿನ ಬಗ್ಗೆ ಗೊತ್ತಲ್ಲ. ಅದು ಮೇಲೆ ಕೆಳಗೆ ಹೋಗುತ್ತೆ, ಇದು ಹಿಂದೆ ಮುಂದೆ. ಅಷ್ಟೇ ವ್ಯತ್ಯಾಸ."

"ಹೋಗಿ ನೋಡಿ ಬನ್ನಿ," ಎಂದು ಅವಳು ಲೋಟ ತೊಳೆಯಲು ಎದ್ದಳು. ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಭಾನುವಾರ ಅವಳಿಗೆ ರಜೆ. ವಾರದ ದಣಿವಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ಮಲಗುತ್ತಾಳೆ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮನೆಯಲ್ಲಿ ಉಳಿದಿದ್ದ ಇಲಾಖೆಯ ಹಳೆಯ ಫಾರಂ ಪುಸ್ತಕ ಹಿಡಿದು ಹೊರಟೆ. ನಮ್ಮ ಫಾರಂ ಎಂದರೆ ಸಾಮಾನ್ಯವಲ್ಲ. ಕಾರ್ಬನ್ ಇಟ್ಟು ಬರೆದರೆ ಬಿಳಿ ಪ್ರತಿ ಮಾಲೀಕನಿಗೆ, ಹಳದಿ ಕಚೇರಿಗೆ, ಗುಲಾಬಿ ಇನ್ಸ್‌ಪೆಕ್ಟರ ಜೇಬಿಗೆ. ದೋಷ ಒಂದೇ ಒಂದು ಉಳಿದಿದ್ದರೂ ಸರ್ಟಿಫಿಕೇಟ್ ಕೊಡುವಂತಿಲ್ಲ. ಮತ್ತೆ ಹೋಗಿ ಪರೀಕ್ಷಿಸಲೇಬೇಕು. ದೋಷ ಇಲ್ಲವೋ, ಸಹಿ ಹಾಕಿ ಕೊಡಬೇಕು. ಆಮೇಲೆ ಆ ಕಟ್ಟಡಕ್ಕೂ ನಮಗೂ ಸಂಬಂಧವಿಲ್ಲ.

ಕಾರಿನ ಮಾಲೀಕರು ಎಪ್ಪತ್ತರ ಸಮೀಪದ ನಿವೃತ್ತ ಕಾಂಪೌಂಡರು. ನಲವತ್ತು ವರ್ಷ ಒಬ್ಬರೇ ಡಾಕ್ಟರ ಬಳಿ ಔಷಧಿ ಕಲಸಿ, ಪುಡಿ ಅಳೆದು, ಕಾಗದದ ಪೊಟ್ಟಣ ಕಟ್ಟಿಕೊಟ್ಟವರು. ಡಾಕ್ಟರು ಸಾಯುವಾಗ ತಮ್ಮ ಕಾರನ್ನು ಇವರಿಗೆ ಬಿಟ್ಟುಹೋದರಂತೆ. ಇವರಿಗೋ ಕಾರು ಓಡಿಸಲು ಬರುವುದಿಲ್ಲ. ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಶೆಡ್ಡಿನಲ್ಲಿ ಎರಡು ಕುರ್ಚಿ ಹಾಕಿ, ಒಂದು ಸ್ಟೂಲಿನ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕಾಯುತ್ತಿದ್ದರು.

"ಬನ್ನಿ ಸಾರ್, ಬನ್ನಿ. ಮೊದಲು ಚಹಾ, ಆಮೇಲೆ ಕಾರು," ಎಂದರು.

ಕಾರು ಕಡುಗೆಂಪು ಬಣ್ಣದ್ದು. ಮೂತಿ ಚೂಪು, ಸೊಂಟ ಸಣ್ಣ, ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುವ ಠೀವಿ. ವಯಸ್ಸಾಗಿತ್ತು ನಿಜ. ಚರ್ಮದ ಸೀಟುಗಳು ಒಡೆದ ಹಿಮ್ಮಡಿಯಂತಾಗಿದ್ದವು. ಒಳಗೆ ಮೂಡಿಸಿದ್ದ ಇಟಲಿ ಭಾಷೆಯ ಅಕ್ಷರಗಳು ಇಬ್ಬರಿಗೂ ಅರ್ಥವಾಗುವಂತಿರಲಿಲ್ಲ. ಆದ್ದರಿಂದ ಕಾಂಪೌಂಡರು ಪ್ರತಿಯೊಂದು ಗುಂಡಿಯ ಮೇಲೂ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು. ಗೇರಿನ ಹಿಡಿಯ ಮೇಲೆ 'ಚೆನ್ನಾಗಿ ಅಲುಗಾಡಿಸಿ ಉಪಯೋಗಿಸಿ'. ಪಕ್ಕದ ಕನ್ನಡಿಯ ಮೇಲೆ 'ಹೊರ ಉಪಯೋಗಕ್ಕೆ ಮಾತ್ರ'. ಕೀಲಿಕೈಗೆ 'ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ'.

ನಾನು ಫಾರಂ ತೆರೆದೆ. ಅದನ್ನು ನೋಡಿದ್ದೇ ಕಾಂಪೌಂಡರು ಎದ್ದು ನಿಂತರು. ನೋಡಿ, ಐದು ತಿಂಗಳ ನಂತರ ಒಬ್ಬರು ನನಗಾಗಿ ಎದ್ದು ನಿಂತರು. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಬೇಕಾಯಿತು. ಎರಡು ಗಂಟೆ ಪರೀಕ್ಷೆ ಮಾಡಿದೆ. ನಾಲ್ಕೂ ಬಾಗಿಲು ತೆರೆದು ಮುಚ್ಚಿದೆ. ಒಳಗೆ ಕೂತು ಎಷ್ಟು ಜನರ ಭಾರ ತಡೆಯುತ್ತದೆಂದು ಕುಪ್ಪಳಿಸಿ ನೋಡಿದೆ. ಐದು ದೋಷ ಬರೆದು ಬಿಳಿ ಪ್ರತಿ ಕೊಟ್ಟೆ.

"ಇವನ್ನ ಸರಿಮಾಡಿಸಿ. ಬರೋ ಭಾನುವಾರ ಮರುಪರೀಕ್ಷೆ."

"ಆಗಲಿ ಸಾಹೇಬ್ರೇ. ಹತ್ತಕ್ಕೆ ಬರ್ತೀರಲ್ಲ?" ಎಂದರು. ಧ್ವನಿಯಲ್ಲಿ ಸ್ವಲ್ಪ ಆತುರವಿತ್ತು. ಮಾರುವ ಆತುರ ಎಂದುಕೊಂಡೆ.

ಮುಂದಿನ ಭಾನುವಾರ ಹೋದರೆ ಐದೂ ದೋಷ ಸರಿಯಾಗಿದ್ದವು. ಸಹಿ ಹಾಕಬೇಕಾಗುತ್ತದಲ್ಲ ಎಂದು ಜೇಬಿನಲ್ಲಿದ್ದ ಪೆನ್ನನ್ನು ಹುಡುಕುತ್ತಲೇ ನಿಂತೆ. ಅಷ್ಟರಲ್ಲಿ ನೋಡುತ್ತೇನೆ, ಬಲಗಡೆಯ ವೈಪರ್ ಇಲ್ಲ.

"ಹೋದ ವಾರ ಇತ್ತಲ್ಲ ಇದು?"

"ಇತ್ತು ಸಾಹೇಬ್ರೇ. ಇಟಲಿ ಕಾರು ನೋಡಿ, ಏನು ಹೇಳೋದು," ಎಂದು ಅವರು ಚಹಾ ಬಗ್ಗಿಸಿದರು.

ಬರೆದೆ. ಮೂರನೆಯ ವಾರ ವೈಪರ್ ಬಂದಿತ್ತು, ಒಳಗಿನ ದೀಪದ ಬಲ್ಬು ಹೋಗಿತ್ತು. ನಾಲ್ಕನೆಯ ವಾರ ಬಲ್ಬು ಉರಿಯುತ್ತಿತ್ತು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮಾಯ. ಒಂದು ಮುಚ್ಚಿದರೆ ಇನ್ನೊಂದು ಬಾಯಿ ಬಿಡುವ ಈ ಕಾರಿನ ಸ್ವಭಾವವನ್ನು ನಾನು ಹೆಂಡತಿಗೆ ದಿನವೂ ವರ್ಣಿಸಿ ಹೇಳುತ್ತಿದ್ದೆ. ಅವಳು "ಹ್ಞೂಂ" ಎನ್ನುತ್ತಿದ್ದಳು. ಕೌಂಟರಿನಲ್ಲಿ ಹುಚ್ಚರಿಗೂ ಅವಳು ಹಾಗೆಯೇ "ಹ್ಞೂಂ" ಎನ್ನುತ್ತಾಳೆಂದು ನನಗೆ ಗೊತ್ತು.

ಪರೀಕ್ಷೆಗೆ ಈಗ ಕಾಲು ಗಂಟೆ ಸಾಕಾಗುತ್ತಿತ್ತು. ಉಳಿದ ಹೊತ್ತು ಮಾತು. ಕಾಂಪೌಂಡರು ತಮ್ಮ ಡಾಕ್ಟರ ಕೋಪದ ಕಥೆ ಹೇಳುವರು. ಬರೀ ಸಕ್ಕರೆ ನೀರು ಕುಡಿದು ವಾಸಿಯಾದ ರೋಗಿಗಳ ಕಥೆ ಹೇಳುವರು. ನಾನು ಆರನೆಯ ಮಹಡಿಯಲ್ಲಿ ಸಿಕ್ಕಿಬಿದ್ದ ಮದುಮಗನ ಕಥೆ ಹೇಳುವೆ. ಒಮ್ಮೆ ಅವರು, "ಊಟಕ್ಕೆ ಕೂತಾಗ ಕಷ್ಟ ಸಾಹೇಬ್ರೇ. ಉಪ್ಪು ಕಡಿಮೆ ಆಯ್ತು ಅಂತ ಹೇಳೋಕೂ ಒಬ್ಬರು ಬೇಕು," ಎಂದರು. ನಾನು, ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದೆ. ಅವರು ತಲೆಯಾಡಿಸಿದರು. ಗಂಡಸರು ಇದಕ್ಕಿಂತ ಹತ್ತಿರ ಬರುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆರನೆಯ ಭಾನುವಾರ ಒಂದು ಗಂಡಾಂತರ ಒದಗಿತು. ಕಾಂಪೌಂಡರಿಗೆ ಹಿಂದಿನ ದಿನ ಜ್ವರ. ಶಾಲು ಹೊದ್ದು ಕೂತಿದ್ದರು. ಕಾರನ್ನು ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ. ಒಂದೂ ದೋಷವಿಲ್ಲ. ಇಬ್ಬರ ಮುಖವೂ ಬಿಳಿಚಿಕೊಂಡಿತು. (ಅವರದು ಜ್ವರಕ್ಕೆ ಎಂದು ಆಗ ತಿಳಿದಿದ್ದೆ.) ಸಹಿ ಹಾಕಿದೆನೆಂದರೆ ಕಾರು ಕೊಳ್ಳಬೇಕು, ಕೊಂಡೆನೆಂದರೆ ಭಾನುವಾರ ಹೋಯಿತು. ಕೊಳ್ಳದೆ ಬಿಟ್ಟರೆ ಇವತ್ತಲ್ಲ ನಾಳೆ ಇನ್ನೊಬ್ಬ ಕೊಳ್ಳುತ್ತಾನೆ, ಆಗಲೂ ಭಾನುವಾರ ಹೋಯಿತು. ಅತ್ತ ದರಿ ಇತ್ತ ಪುಲಿ ಎಂದರೆ ಇದೇ ಇರಬೇಕು. ಕೊನೆಗೆ ಹಾರ್ನ್ ಒತ್ತಿ, ತಲೆ ಓರೆ ಮಾಡಿ ಕೇಳಿ, ಗಂಭೀರವಾಗಿ ಬರೆದೆ: 'ಹಾರ್ನಿನ ಧ್ವನಿಯಲ್ಲಿ ವಿನಯದ ಕೊರತೆ.'

ಕಾಂಪೌಂಡರು ಅದನ್ನು ಎರಡು ಸಲ ಓದಿ, "ನಿಜ ಸಾಹೇಬ್ರೇ. ನನಗೂ ಹಾಗೇ ಅನ್ನಿಸ್ತಿತ್ತು," ಎಂದರು. ಜ್ವರ ಇಳಿದವರಂತೆ ಕಂಡರು.

ಒಂಬತ್ತನೆಯ ಭಾನುವಾರ ಹೊರಡುವಾಗ ಅವರು ನೆಲ ನೋಡುತ್ತ, "ಈ ಕಾರನ್ನ ತಗೋಬೇಕು ಅಂತ ನಿಮಗೆ ನಿಜವಾಗಲೂ ಇದೆಯಾ?" ಎಂದು ಕೇಳಿದರು.

"ಅದೇ ನೋಡ್ತಾ ಇದ್ದೀನಿ. ಅವಸರ ಪಡಬಾರದು," ಎಂದೆ.

"ಹೌದು ಹೌದು. ಅವಸರ ಏನೂ ಇಲ್ಲ," ಎಂದು ಅವರು ನಿಟ್ಟುಸಿರು ಬಿಟ್ಟರು. ನನಗೂ ಸಮಾಧಾನವಾಯಿತು.

ಆ ವಾರದ ಶನಿವಾರ ಸಂಜೆ ಗ್ರಂಥಾಲಯದಿಂದ ಮನೆಗೆ ಬರುತ್ತೇನೆ, ಗೇಟಿನ ಮುಂದೆ ಕಡುಗೆಂಪು ಕಾರು ನಿಂತಿದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಾಳೆ. ಅವಳು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದರೆ ನಾನು ಮೊದಲು ಗಮನಿಸಿದ್ದು ಅದನ್ನೇ, ಕಾರನ್ನಲ್ಲ.

"ತಗೊಳ್ಳಿ," ಎಂದು ಕೀಲಿಕೈ ಕೊಟ್ಟಳು. ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿತ್ತು.

"ಏನಿದು?"

"ನಿಮ್ಮ ಕಾರು. ಒಗೆಯೋಕೆ ಹಾಕೋ ಅಂಗಿ ಜೇಬಲ್ಲಿ ವಾರವಾರ ಗುಲಾಬಿ ಚೀಟಿ ಸಿಗ್ತಿತ್ತು. ಎಲ್ಲ ಓದಿದ್ದೀನಿ. ಹಾರ್ನಿಗೆ ವಿನಯ ಇಲ್ಲ ಅಂತ ಬರೆಯೋ ಮನುಷ್ಯ ಜನ್ಮದಲ್ಲಿ ತಗೊಳ್ಳೋಲ್ಲ ಅಂತ ಗೊತ್ತಾಯ್ತು. ಅದಕ್ಕೆ ಜಾಹೀರಾತಿನ ನಂಬರಿಗೆ ಫೋನ್ ಮಾಡಿ ನಾನೇ ತಗೊಂಡೆ. ಡಾಕ್ಟರ ಹಳೇ ಡ್ರೈವರ್ ತಂದು ನಿಲ್ಲಿಸಿ ಹೋದ."

ಒಂದೇ ಉಸಿರಿಗೆ ಇಷ್ಟು ಮಾತು. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ.

"ಅವರು ಏನಂದ್ರು?"

"ಮೊದಲು ಲೈನ್ ಕಟ್ ಆಯ್ತು ಅಂದ್ಕೊಂಡೆ. ಆಮೇಲೆ, 'ಅವರಿಗೆ ಅಷ್ಟು ಇಷ್ಟಾನಾ ತಾಯಿ' ಅಂದ್ರು. ಹೌದು, ಮೂರು ಹೊತ್ತೂ ಅದೇ ಧ್ಯಾನ ಅಂದೆ. 'ಹಾಗಾದ್ರೆ ಕೊಡೋಲ್ಲ ಅಂತ ಹೇಗೆ ಹೇಳಲಿ' ಅಂದ್ರು."

ನಾನು ಕಾರಿನ ಸುತ್ತ ಒಂದು ಸುತ್ತು ಬಂದೆ. ಎಲ್ಲವೂ ಸರಿಯಾಗಿತ್ತು. ವೈಪರ್ ಎರಡೂ ಇದ್ದವು, ಮುಚ್ಚಳ ಇತ್ತು, ದೀಪಗಳೆಲ್ಲ ಉರಿದವು. ನನಗೆ ಅಳು ಬರುವಂತಾಯಿತು.

"ಸಂತೋಷ ಆಗಲಿಲ್ವಾ?" ಎಂದಳು.

"ಆಯ್ತು," ಎಂದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೇಳಿದ ಅತಿ ಕಷ್ಟದ ಸುಳ್ಳು ಅದು.

ಭಾನುವಾರ ಬೆಳಿಗ್ಗೆ ಡಿಕ್ಕಿ ತೆರೆದಾಗ ಸ್ಟೆಪ್ನಿ ಟೈರಿನ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಸಾಲಾಗಿ ಕಾಗದದ ಪೊಟ್ಟಣಗಳು. ಮೊದಲನೆಯದರ ಮೇಲೆ 'ಭಾನುವಾರ ೨: ಬಲ ವೈಪರಿನ ತಿರುಪು' ಎಂದಿತ್ತು. ಪೊಟ್ಟಣ ಖಾಲಿ. 'ಭಾನುವಾರ ೩: ಒಳದೀಪದ ಬಲ್ಬು.' ಖಾಲಿ. 'ಭಾನುವಾರ ೪: ಟ್ಯಾಂಕಿನ ಮುಚ್ಚಳ.' ಇದು ಪೊಟ್ಟಣವಲ್ಲ, ಲಕೋಟೆ. ಖಾಲಿ. ಆರರ ಮೇಲೆ 'ಜ್ವರ. ಕೊಡಲಾಗಲಿಲ್ಲ' ಎಂದು ಷರಾ ಬರೆದಿತ್ತು.

ಮೊದಲು ರಕ್ತ ಕುದಿಯಿತು. ಮೂವತ್ತನಾಲ್ಕು ವರ್ಷ ದೊಡ್ಡ ದೊಡ್ಡ ಬಿಲ್ಡರುಗಳೇ ನನಗೆ ಚಳ್ಳೆಹಣ್ಣು ತಿನ್ನಿಸಲಾಗಲಿಲ್ಲ. ಈ ಮನುಷ್ಯ ಶನಿವಾರ ತಿರುಪು ಬಿಚ್ಚಿ, ಭಾನುವಾರ ನನ್ನಿಂದ ಬರೆಸಿ, ಸೋಮವಾರ ಮತ್ತೆ ಕೂರಿಸುತ್ತಿದ್ದ. ಹೀಗೂ ಉಂಟೆ ಎಂದು ಹಲ್ಲು ಕಡಿಯುತ್ತ ಒಂಬತ್ತನ್ನು ದಾಟಿದೆ. ಮುಂದೆಯೂ ಇದ್ದವು. 'ಭಾನುವಾರ ೧೦: ಹಿಂದಿನ ದೀಪದ ಗಾಜು.' 'ಭಾನುವಾರ ೧೧: ಫ್ಯೂಸ್.' 'ಭಾನುವಾರ ೧೨: ಎಡಗನ್ನಡಿ.' ಮಡಿಸಿ, ಹೆಸರು ಬರೆದು, ತುಂಬಲು ಸಿದ್ಧವಾಗಿಟ್ಟ ಪೊಟ್ಟಣಗಳು. ಕೊನೆಯದು ಭಾನುವಾರ ೫೨. ಅದರ ಮೇಲೆ ಭಾಗದ ಹೆಸರಿರಲಿಲ್ಲ. 'ನೋಡಿ ನಿರ್ಧರಿಸುವುದು' ಎಂದಷ್ಟೇ ಇತ್ತು.

ಡಿಕ್ಕಿಯ ಅಂಚಿನ ಮೇಲೆ ಕೂತುಬಿಟ್ಟೆ. ಇಡೀ ವರ್ಷಕ್ಕೆ ಮುದುಕ ನನ್ನನ್ನು ಕಾದಿರಿಸಿದ್ದ. ಹಾರ್ನಿಗೆ ವಿನಯವಿಲ್ಲವೆಂದು ಬರೆದ ನಾನಾದರೂ ಎಂಥ ಸತ್ಯವಂತ? ಕಳ್ಳನಿಗೊಬ್ಬ ಸುಳ್ಳ ಜೊತೆಯಾಗಿದ್ದ, ಅಷ್ಟೆ. ನನಗೆ ಅವರ ಶೆಡ್ಡು, ಎರಡು ಕುರ್ಚಿ, ಫ್ಲಾಸ್ಕು ಎಲ್ಲ ಒಟ್ಟಿಗೆ ನೆನಪಾದವು. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹತ್ತಕ್ಕೆ ಸರಿಯಾಗಿ ಅಲ್ಲಿಗೆ ಹೋದೆ.

ಶೆಡ್ಡು ಖಾಲಿ. ನೆಲದ ಮೇಲೆ ಎಣ್ಣೆಯ ಕಲೆ. ಮನೆಗೆ ಬೀಗ. ಕುರ್ಚಿಗಳನ್ನು ಒಂದರ ಮೇಲೊಂದು ಇಟ್ಟಿತ್ತು. ಮೆಟ್ಟಿಲ ಮೇಲೆ ಕೂತೆ. ಇಷ್ಟು ದಿನ ನನ್ನ ಪಾಡು ಮಾತ್ರ ನನಗೆ ಕಾಣುತ್ತಿತ್ತು. ಆ ಬೀಗ ನೋಡುತ್ತ ಕೂತಾಗ, ವಾರದ ಉಳಿದ ಆರು ದಿನ ಈ ಮನೆ ಹೀಗೇ ಇರುತ್ತಿತ್ತೆಂದು ಹೊಳೆಯಿತು. ಒಂದು ಗಂಟೆ ಕಾದು, ಕಾಲು ಜೋಮು ಹಿಡಿದ ಮೇಲೆ ಎದ್ದು ಬಂದೆ.

ಮನೆಯ ಗೇಟಿನ ಬಳಿ ಬರುವಾಗ ಮಾತು ಕೇಳಿಸಿತು. ಹೆಂಗಸಿನ ಧ್ವನಿ. ನಿಲ್ಲದೆ, ಏರಿ ಇಳಿದು, ನಡುವೆ ನಕ್ಕು, ಮತ್ತೆ ಮುಂದುವರಿಯುವ ಧ್ವನಿ. ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡೆ. ನೋಡಿದರೆ ಕಾರಿನ ಮುಂದಿನ ಸೀಟುಗಳಲ್ಲಿ ಕಾಂಪೌಂಡರೂ ನನ್ನ ಹೆಂಡತಿಯೂ ಕೂತಿದ್ದಾರೆ. ಸ್ಟೀರಿಂಗ್ ಹಿಡಿದುಕೊಂಡು ಮಾತಾಡುತ್ತಿರುವವಳು ನನ್ನ ಹೆಂಡತಿ. ಭಾನುವಾರ ಬೆಳಿಗ್ಗೆ. ಕಿವಿಯಲ್ಲಿ ಹತ್ತಿ ಇಲ್ಲ.

"...ಆ ಮನುಷ್ಯ ಹೇಳ್ತಾನೆ, 'ನನ್ನ ಹೆಂಡತಿ ಹತ್ತಿದ ಗಾಡಿ ಎಷ್ಟು ಹೊತ್ತಿಗೆ ಅಲ್ಲಿ ಮುಟ್ಟುತ್ತೆ?' ಆರಕ್ಕೆ ಅಂದೆ. 'ವಾಪಸ್ ಬರೋ ಗಾಡಿ ಯಾವಾಗ?' ಏಳಕ್ಕೆ ಅಂದೆ. 'ಅದನ್ನ ರದ್ದು ಮಾಡೋಕೆ ಯಾರಿಗೆ ಅರ್ಜಿ ಕೊಡಬೇಕು' ಅಂದ, ಅಣ್ಣಾ."

ಕಾಂಪೌಂಡರು ಕಣ್ಣು ಒರೆಸಿಕೊಂಡು ನಗುತ್ತಿದ್ದರು. ನನ್ನನ್ನು ಕಂಡು ಗಾಜು ಇಳಿಸಿದರು.

"ಡಿಕ್ಕಿಯಲ್ಲಿ ಒಂದು ಡಬ್ಬಿ ಬಿಟ್ಟಿದ್ದೆ ಸಾಹೇಬ್ರೇ. ತಗೊಂಡು ಹೋಗೋಣ ಅಂತ..." ಎಂದವರು ನನ್ನ ಚೀಲ ನೋಡಿ ಮಾತು ನಿಲ್ಲಿಸಿದರು.

"ಹಿಂದೆ ಕೂತ್ಕೊಳ್ಳಿ," ಎಂದಳು ಹೆಂಡತಿ ನನಗೆ.

ಹಿಂದೆ ಕೂತೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಹಾರ್ನ್ ಚೆನ್ನಾಗೇ ಇತ್ತು," ಎಂದೆ.

"ನನಗೂ ಗೊತ್ತಿತ್ತು," ಎಂದರು ಕಾಂಪೌಂಡರು, ತಿರುಗದೆ.

ಹೆಂಡತಿ ಕೈ ಹಿಂದೆ ಚಾಚಿ ಡಬ್ಬಿ ತೆಗೆದುಕೊಂಡಳು. ಒಂದೊಂದೇ ಪೊಟ್ಟಣದ ಮೇಲಿನ ಬರಹ ಓದಿದಳು. ಐವತ್ತೆರಡರವರೆಗೂ ಓದಿದಳು. ಓದಿ ಮುಗಿಸಿ ನನ್ನ ಕಡೆಗೊಮ್ಮೆ, ಅವರ ಕಡೆಗೊಮ್ಮೆ ನೋಡಿದಳು. ಕೌಂಟರಿನಲ್ಲಿ ತಪ್ಪು ಗಾಡಿ ಹೇಳಿಬಿಟ್ಟವಳ ಮುಖವಾಗಿತ್ತು.

ಕಾಂಪೌಂಡರು ಹನ್ನೆರಡಕ್ಕೆ ಎದ್ದರು. "ಮಾರುವಾಗ ಪೂರ್ತಿ ಸರಿಮಾಡಿ ಕೊಟ್ಟಿದ್ದೀನಿ. ಒಂದೂ ದೋಷ ಉಳಿದಿಲ್ಲ," ಎಂದು ಬಾನೆಟ್ಟಿನ ಮೇಲೆ ಒಮ್ಮೆ ಕೈ ಸವರಿ, ಡಬ್ಬಿಯನ್ನು ಮರೆತೇ ಹೊರಟುಹೋದರು. ಮುಂದಿನ ಭಾನುವಾರ ಬನ್ನಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. 'ಯಾಕೆ' ಎಂದು ಕೇಳಿದರೆ ಹೇಳಲು ಏನಿದೆ ಎಂದು ನುಂಗಿಕೊಂಡೆ.

ಮತ್ತೆ ಒಂಬತ್ತರಿಂದ ಆರರವರೆಗೆ ನಾನು, ಫ್ರಿಜ್ಜು. ಗೇಟಿನ ಮುಂದೆ ಇಟಲಿಯ ಸುಂದರಿ ಯಾವ ಕಾಯಿಲೆಯೂ ಇಲ್ಲದೆ ಗುಂಡುಕಲ್ಲಿನಂತೆ ನಿಂತಿದ್ದಳು. ಬುಧವಾರ ಅದರೊಳಗೆ ಹೋಗಿ ಸುಮ್ಮನೆ ಕೂತೆ. ಗುರುವಾರವೂ ಕೂತೆ. ಶುಕ್ರವಾರ ನನಗೆ ಜ್ಞಾನೋದಯವಾಯಿತು. ಅವರು ಮಾಡಿದ್ದನ್ನು ನಾನೂ ಮಾಡಬಹುದಲ್ಲ. ಶನಿವಾರ ಒಂದು ಫ್ಯೂಸ್ ಕಿತ್ತರೆ ಹೆಡ್‌ಲೈಟ್ ಆರುತ್ತದೆ. ಆರಿದರೆ ಹಳೆಯ ಮಾಲೀಕರನ್ನು ವಿಚಾರಿಸದೆ ಇನ್ನಾರನ್ನು ವಿಚಾರಿಸುವುದು?

ಶನಿವಾರ ಸಂಜೆ ಹೆಂಡತಿ ಬರುವ ಮೊದಲು ಫ್ಯೂಸುಗಳ ಪೆಟ್ಟಿಗೆ ತೆರೆದೆ. ಹೆಡ್‌ಲೈಟಿನ ಜಾಗದಲ್ಲಿ ಫ್ಯೂಸೇ ಇಲ್ಲ. ನಾನಿನ್ನೂ ಕೈ ಹಾಕಿಲ್ಲ, ಆಗಲೇ ಇಲ್ಲ. ಎಲ್ಲೋ ಬಿದ್ದಿರಬೇಕೆಂದು ಸೀಟಿನ ಅಡಿ ಹುಡುಕಿದೆ, ಚಾಪೆ ಕೊಡವಿದೆ, ಕೊನೆಗೆ ಕಾರಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಹಾಗೆ ಮಲಗಿದ್ದಾಗ ಹೆಂಡತಿಯ ಚಪ್ಪಲಿ ಬಂದು ಪಕ್ಕದಲ್ಲಿ ನಿಂತವು.

"ಹುಡುಕಬೇಡಿ," ಎಂದಳು.

ಎದ್ದು ಬಂದೆ. ಅವಳು ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. 'ಭಾನುವಾರ ೧೧: ಫ್ಯೂಸ್' ಎಂದು ಕಾಂಪೌಂಡರ ಅಕ್ಷರ. ಅದರ ಕೆಳಗೆ ಅವಳದು: 'ಆಗಮನ ೧೦.೦೦. ತಡ ಇಲ್ಲ.'

"ಅಣ್ಣನಿಗೆ ಬೆಳಿಗ್ಗೆನೇ ಫೋನ್ ಮಾಡಿದೆ. ಲೈಟ್ ಉರೀತಿಲ್ಲ, ಬಂದು ನೋಡಬೇಕು ಅಂದೆ. 'ಫ್ಯೂಸ್ ಇರಬೇಕು' ಅಂದ್ರು ತಕ್ಷಣ. ಫ್ಲಾಸ್ಕ್ ತರ್ತಾರಂತೆ."

"ನೀನು ಇಷ್ಟೆಲ್ಲ ಮಾಡ್ತೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೇ. ಆದ್ರೆ ಒಂದು ಕೇಳ್ತೀನಿ. ಹೋದ ವಾರ ಅವರ ಹತ್ರ ಒಂದು ಗಂಟೆ ಮಾತಾಡಿದೆಯಲ್ಲ. ನನ್ನ ಹತ್ರ ಯಾಕೆ ಆಡೋಲ್ಲ?"

ಅವಳು ಮತ್ತೆ ಕೈಚೀಲಕ್ಕೆ ಕೈ ಹಾಕಿದಳು. ಈ ಸಲ ಹೊರಬಂದದ್ದು ನನ್ನದೇ ಫಾರಂ ಪುಸ್ತಕದ ಬಿಳಿ ಹಾಳೆ. ಮಾಲೀಕನಿಗೆ ಕೊಡುವ ಪ್ರತಿ. ಅದರಲ್ಲಿ ಅವಳು ಬರೆದಿದ್ದಳು:

'ಪರೀಕ್ಷಿಸಿದ ವಸ್ತು: ಗಂಡ. ದೋಷ ೧: ಏನನ್ನೂ ಕೇಳುವುದಿಲ್ಲ. ಮರುಪರೀಕ್ಷೆ: ಪ್ರತಿದಿನ.'

"ವಿಚಾರಣೆ ಕೌಂಟರಲ್ಲಿ ಕೂರೋಳು ನಾನು. ಕೇಳಿದ್ದಕ್ಕೆ ಹೇಳ್ತೀನಿ," ಎಂದಳು. "ಮೂವತ್ತು ವರ್ಷದಲ್ಲಿ ನೀವು ಕೇಳಿದ್ದೇನು? ಚಹಾ ಆಯ್ತಾ, ಕನ್ನಡಕ ಎಲ್ಲಿ, ಪೇಪರ್ ಎಲ್ಲಿ. ಒಂದಕ್ಕಾದ್ರೂ ಉತ್ತರ ಕೊಟ್ಟಿಲ್ವಾ? ಅಣ್ಣ ಕಾರಲ್ಲಿ ಕೂತ ತಕ್ಷಣ, 'ದಿನಾ ಅಷ್ಟು ಜನರ ಜೊತೆ ಹೇಗೆ ಏಗ್ತೀಯಮ್ಮ' ಅಂದ್ರು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಕೇಳಿದ್ದೆ. ಆ ಊರೆಲ್ಲ ಹುಡುಕಿದವನು ಲಿಫ್ಟ್ ಇನ್ಸ್‌ಪೆಕ್ಟರ್ ಆಗಿದ್ದ ಎಂದು ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಕಂಡವರ ಬಾಗಿಲುಗಳನ್ನು ಪರೀಕ್ಷಿಸಿದ ನಾನು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನಾಚಿಕೆಯಾಯಿತು. ಆದರೆ ದೋಷ ಬರೆದುಕೊಟ್ಟ ಮೇಲೆ ಸರಿಪಡಿಸುವುದು ನಿಯಮ. ಮೆಟ್ಟಿಲ ಮೇಲೆ ಕೂತು, ಅವಳಿಗೂ ಜಾಗ ಮಾಡಿ, ಜೀವನದಲ್ಲಿ ಮೊದಲ ಸಲ ಕೇಳಿದೆ.

"ಇವತ್ತು ಕೌಂಟರಲ್ಲಿ ಏನಾಯ್ತು?"

ಅವಳು ಬಂದು ಪಕ್ಕದಲ್ಲಿ ಕೂತಳು. ಚಪ್ಪಲಿ ಕಳಚಿ ಕಾಲು ನೀಡಿದಳು. ಏನೋ ನೆನಪಾಗಿ ತನ್ನಷ್ಟಕ್ಕೆ ನಕ್ಕಳು. ನಾನು ಕಿವಿ ನೆಟ್ಟಗೆ ಮಾಡಿಕೊಂಡೆ.

"ದೊಡ್ಡ ಕಥೆ ಅದು. ಈಗ ಗಂಟಲು ಕಟ್ಟಿದೆ," ಎಂದಳು. "ನಾಳೆ ಹತ್ತಕ್ಕೆ ಅಣ್ಣನೂ ಬರ್ತಾರಲ್ಲ, ಇಬ್ಬರಿಗೂ ಒಟ್ಟಿಗೇ ಹೇಳ್ತೀನಿ. ನೀವು ಹಿಂದಿನ ಸೀಟಲ್ಲಿ ಕೂತು ಕೇಳಿಸ್ಕೊಳ್ಳಿ."

ಒಳಗೆ ಹೋಗಿ ಹಿಂದಿನ ಸೀಟಿನ ಧೂಳು ಒರೆಸುವ ಬಟ್ಟೆ ಹುಡುಕಿದೆ. ಸಿಗಲಿಲ್ಲ. ಎಲ್ಲಿದೆ ಎಂದು ಅವಳನ್ನು ಕೇಳಲು ಬಾಯಿ ತೆರೆದವನು, ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಇಂಥದ್ದೇ ಎಂದು ಈಗ ತಾನೇ ಅಂದಿದ್ದಾಳಲ್ಲ ಎಂದು ನೆನಪಾಗಿ, ಬಾಯಿ ಮುಚ್ಚಿಕೊಂಡು ನನ್ನ ಅಂಗಿಯಿಂದಲೇ ಒರೆಸಿದೆ.